ಮೊದಲ ಮೂರು ಯುರೋಪಿಯನ್ ಕಪ್ ಗೆದ್ದ ರೀಗಾದ ಎಎಸ್‌ಕೆ: ಆ ಕ್ಲಬ್ಬಿನ ಇತಿಹಾಸ ಯಾರ ಪಾಲಿನದು?

ಬೆಂಚ್ ಪ್ಲೇಯರ್
ನಮ್ಮ ಬಡಾವಣೆಯ ಬಾಸ್ಕೆಟ್‌ಬಾಲ್ ಗೆಳೆಯರ ಕೂಟಕ್ಕೆ ವರ್ಷಕ್ಕೊಮ್ಮೆ ಕ್ವಿಜ್ ನಡೆಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಈ ಸಲ, "ಪುರುಷರ ಯುರೋಪಿಯನ್ ಚಾಂಪಿಯನ್ಸ್ ಕಪ್, ಅಂದರೆ ಈಗಿನ ಯುರೋಲೀಗ್ ಪಟ್ಟವನ್ನು ಮೊತ್ತಮೊದಲು ಗೆದ್ದದ್ದು ಯಾವ ದೇಶದ ಕ್ಲಬ್?" ಎಂದು ಕೇಳಿದ್ದೆ. ನನ್ನ ಹಾಳೆಯಲ್ಲಿದ್ದ ಉತ್ತರ ಸೋವಿಯತ್ ಒಕ್ಕೂಟ. ಒಂದು ತಂಡ "ಲಾಟ್ವಿಯಾ" ಎಂದಿತು, ನಾನು ತಪ್ಪು ಎಂದೆ. ಅಲ್ಲಿ ಶುರುವಾದ ಜಗಳ ಚಹಾ ಆರಿದರೂ ಆರಲಿಲ್ಲ.

ಮನೆಗೆ ಬಂದು ಓದಿದ ಮೇಲೆ ನನಗೇ ಅನುಮಾನ ಹತ್ತಿಕೊಂಡಿದೆ. 1958, 1959, 1960ರ ಮೂರೂ ಕಪ್‌ಗಳನ್ನು ಗೆದ್ದದ್ದು ಈಗ ಲಾಟ್ವಿಯಾದ ರಾಜಧಾನಿಯಾಗಿರುವ ರೀಗಾದ ಎಎಸ್‌ಕೆ ಎಂಬ ಒಂದೇ ಕ್ಲಬ್. ಯುರೋಪಿನ ದೇಶಗಳ ನಡುವಿನ ಟೂರ್ನಿಯಾದ ಯುರೋಬಾಸ್ಕೆಟ್‌ನ 2025ರ ನಾಕೌಟ್ ಪಂದ್ಯಗಳು ಅದೇ ರೀಗಾದಲ್ಲಿ ನಡೆದಾಗ ನಿದ್ದೆಗೆಟ್ಟು ನೋಡಿದವನು ನಾನು. ಆದರೂ ಈ ಕ್ಲಬ್ಬಿನ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ಕ್ಲಬ್ ಏನಾಯಿತು? ಆ ಕಪ್‌ಗಳನ್ನು ಲಾಟ್ವಿಯಾದ ಖಾತೆಗೆ ಬರೆಯುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಿ, ಏಕೆಂದರೆ ಅಂಕಪಟ್ಟಿ ಇನ್ನೂ ನನ್ನ ಬಳಿಯೇ ಇದೆ.

ಚುರುಮುರಿ
1958ರಲ್ಲಿ ಲಾಟ್ವಿಯಾ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ನಿಮ್ಮ ತೀರ್ಪು ಸರಿ, ಅಂಕ ಕೊಡಬೇಡಿ.

ಅಂಕಿಸಂಖ್ಯೆ
ತೀರ್ಪಿಗೆ ಮೊದಲು ದಾಖಲೆ ನೋಡೋಣ. ಆಗಿನ ಫೈನಲ್ ಎರಡು ಪಂದ್ಯಗಳದ್ದು. ತವರಿನಲ್ಲಿ ಒಂದು, ಎದುರಾಳಿಯ ಊರಿನಲ್ಲಿ ಒಂದು, ಎರಡರ ಒಟ್ಟು ಅಂಕಗಳಲ್ಲಿ ಮುಂದಿದ್ದವರಿಗೆ ಕಪ್. 1958ರಲ್ಲಿ ಎಎಸ್‌ಕೆ ಬಲ್ಗೇರಿಯಾದ ಅಕಾಡೆಮಿಕ್ ಸೋಫಿಯಾವನ್ನು 86–81, 84–71ರಿಂದ ಸೋಲಿಸಿತು. ಮರುವರ್ಷ ಅದೇ ಎದುರಾಳಿ, 79–58, 69–67. ಎರಡನೆಯ ಪಂದ್ಯ ಎರಡೇ ಅಂಕಗಳ ಅಂತರದಲ್ಲಿ ಮುಗಿದರೂ, ಮೊದಲನೆಯದರಲ್ಲಿ ಕೂಡಿಟ್ಟ 21 ಅಂಕಗಳ ಗಂಟು ಜೊತೆಗಿತ್ತು. ದೇಶದೊಳಗೆ 1955, 1957, 1958ರಲ್ಲಿ ಸೋವಿಯತ್ ಚಾಂಪಿಯನ್‌ಶಿಪ್ ಕೂಡ ಇವರದ್ದೇ.

ಫ್ರೀ ಥ್ರೋ
ಹಾಗಾದರೆ ಮೂರು ಫೈನಲ್‌ಗಳಲ್ಲೂ ಸೋಫಿಯಾದವರೇ ಸೋತರೇ? ಪಾಪ.

ಅಂಕಿಸಂಖ್ಯೆ
ಇಲ್ಲ, ಎರಡೇ ಸಲ. 1960ರ ಫೈನಲ್‌ನಲ್ಲಿ ಎದುರಾಳಿ ಜಾರ್ಜಿಯಾದ ಡೈನಮೊ ಟಿಬಿಲಿಸಿ, 61–51, 69–62. ಅಂದರೆ ಆ ವರ್ಷ ಎರಡೂ ಕಡೆ ಸೋವಿಯತ್ ಕ್ಲಬ್‌ಗಳು, ಆದರೆ ಎರಡರಲ್ಲಿ ಒಂದೂ ರಷ್ಯಾದ್ದಲ್ಲ. ಚುರುಮುರಿ ಅವರು ಈ ಸಂಗತಿಯನ್ನು ಸ್ವಲ್ಪ ಗಮನಿಸಬೇಕು.

ಚುರುಮುರಿ
ಗಮನಿಸಿದೆ. ಆದರೆ ಕ್ಲಬ್ಬಿನ ಹೆಸರನ್ನೂ ತಾವು ಗಮನಿಸಿ. ಎಎಸ್‌ಕೆ ಎಂದರೆ ಸೈನ್ಯದ ಕ್ರೀಡಾ ಕ್ಲಬ್. ಆ ಸೈನ್ಯ ಯಾರದ್ದು? ಲಾಟ್ವಿಯಾದ್ದಲ್ಲ, ಸೋವಿಯತ್ ಸೈನ್ಯ. ಸಂಬಳ ಅವರದ್ದು, ಅಂಗಣ ಅವರದ್ದು, ಕೋಚ್ ಅಲೆಕ್ಸಾಂಡರ್ ಗೊಮೆಲ್ಸ್ಕಿ ಹುಟ್ಟಿದ್ದು ಲೆನಿನ್‌ಗ್ರಾಡ್ ಬಳಿಯ ಕ್ರೋನ್‌ಷ್ಟಾಟ್‌ನಲ್ಲಿ. ಊರು ರೀಗಾ ಎಂಬ ಒಂದೇ ಕಾರಣಕ್ಕೆ ಲಾಟ್ವಿಯಾದ ಕಪ್ ಎನ್ನುವುದಾದರೆ, ಮನೆ ಬಾಡಿಗೆಗೆ ಕೊಟ್ಟವನೇ ಬಾಡಿಗೆದಾರನ ಮಗನ ರ‍್ಯಾಂಕಿಗೂ ಹಕ್ಕುದಾರನಾದಂತಾಯಿತು.

ಟ್ರಾಲಿಬಸ್
ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ನಾನು ರೀಗಾದಲ್ಲಿ ಓದಿದವಳು, ಅಲ್ಲಿ ಭಾರತದ ವಿದ್ಯಾರ್ಥಿಗಳು ಸಾಕಷ್ಟು ಇದ್ದಾರೆ. ಚುರುಮುರಿ ಅವರ ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಬಾಡಿಗೆದಾರ ಕರೆದು ಬಂದವನಲ್ಲ, ಬಾಗಿಲು ಮುರಿದು ಒಳಗೆ ಬಂದವನು. 1940ರಲ್ಲಿ ಸೋವಿಯತ್ ಸೈನ್ಯ ಲಾಟ್ವಿಯಾವನ್ನು ವಶಪಡಿಸಿಕೊಂಡಿತು, 1941ರಲ್ಲಿ ನಾಜಿಗಳು ಬಂದರು, 1944ರಲ್ಲಿ ಮತ್ತೆ ಸೋವಿಯತ್ ಸೈನ್ಯ ಬಂತು. ಅದಕ್ಕೂ ಮೊದಲೇ ಆ ದೇಶದವರಿಗೆ ಬಾಸ್ಕೆಟ್‌ಬಾಲ್ ಮನೆಯ ಆಟವಾಗಿತ್ತು. 1935ರಲ್ಲಿ ಜಿನೀವಾದಲ್ಲಿ ನಡೆದ ಮೊತ್ತಮೊದಲ ಯುರೋಬಾಸ್ಕೆಟ್‌ನ ಫೈನಲ್‌ನಲ್ಲಿ ಸ್ಪೇನನ್ನು 24–18ರಿಂದ ಸೋಲಿಸಿ ಗೆದ್ದದ್ದು ಸ್ವತಂತ್ರ ಲಾಟ್ವಿಯಾ. 1937ರ ಟೂರ್ನಿ ರೀಗಾದಲ್ಲೇ ನಡೆಯಿತು. 1939ರಲ್ಲಿ ಲಿಥುವೇನಿಯಾ ಎದುರು 36–37, ಒಂದೇ ಅಂಕದ ಸೋಲು. ಹೀಗಿರುವಾಗ ಸೈನ್ಯ ಬಂದು ರೀಗಾಕ್ಕೆ ಆಟ ಕಲಿಸಿತು ಎಂದರೆ ಯಾರು ನಂಬುತ್ತಾರೆ? ಊರಿನಲ್ಲಿ ಆಟ ಮೊದಲೇ ಇತ್ತು, ಸೈನ್ಯ ಅದಕ್ಕೆ ತನ್ನ ಹೆಸರಿನ ಜೆರ್ಸಿ ತೊಡಿಸಿತು.

ಅಂದಿನ ತಂಡದ ಬೆನ್ನೆಲುಬನ್ನೂ ನೋಡಿ. ಯಾನಿಸ್ ಕ್ರೂಮಿನ್ಷ್, ವಾಲ್ದಿಸ್ ಮುಯಿಜ್ನಿಯೆಕ್ಸ್, ಮೈಗೋನಿಸ್ ವಾಲ್ಡ್‌ಮಾನಿಸ್, ಮೂವರೂ ಲಾಟ್ವಿಯಾದವರು.

ಫ್ರೀ ಥ್ರೋ
24–18? ಅದು ಫೈನಲ್‌ನ ಅಂಕವೋ ಮೊದಲ ಕ್ವಾರ್ಟರಿನದ್ದೋ?

ಹಳೇ ರೆಫರಿ
ಫ್ರೀ ಥ್ರೋ ಅವರೇ, ಆ ಕಾಲದ ನಿಯಮಗಳನ್ನು ತಿಳಿದರೆ ನಗು ಬರುವುದಿಲ್ಲ. ಚೆಂಡು ಕೈಗೆ ಬಂದ ತಂಡ ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕೆಂಬ ಕಟ್ಟು ಆಗ ಇರಲಿಲ್ಲ. ಮುನ್ನಡೆ ಸಿಕ್ಕವರು ಚೆಂಡನ್ನು ಬಚ್ಚಿಟ್ಟುಕೊಂಡು ಓಡಾಡಬಹುದಿತ್ತು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ 30 ಸೆಕೆಂಡಿನ ನಿಯಮವನ್ನು ತಂದದ್ದು 1956ರಲ್ಲಿ. ಅದೇ ವರ್ಷ ಬುಟ್ಟಿಯ ಕೆಳಗೆ ದಾಳಿಯ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲದ ಪ್ರದೇಶವನ್ನು ಅಗಲಿಸಿ, ಬುಡದಲ್ಲಿ ಹರಡಿಕೊಂಡ ಆಕಾರಕ್ಕೆ ಬದಲಾಯಿಸಿದರು. ಎತ್ತರದ ಆಟಗಾರ ಬುಟ್ಟಿಯ ಬುಡದಲ್ಲೇ ಕಂಬದಂತೆ ಬೇರೂರುವುದನ್ನು ತಡೆಯುವ ಉಪಾಯ ಅದು.

ಎಎಸ್‌ಕೆ ಚಾಂಪಿಯನ್ ಆದದ್ದು ಈ ಬದಲಾವಣೆಗಳ ಬೆನ್ನಿಗೇ ಎಂಬುದು ನನಗೆ ಕುತೂಹಲದ ವಿಷಯ. 2.18 ಮೀಟರ್ ಎತ್ತರದ ಕ್ರೂಮಿನ್ಷ್ ಅವರನ್ನು ಬುಟ್ಟಿಯಿಂದ ದೂರ ತಳ್ಳುವಂತಹ ನಿಯಮ ಬಂದ ಮೇಲೂ ಅವರ ತಂಡವೇ ಮೂರು ವರ್ಷ ಯುರೋಪನ್ನು ಆಳಿತು. ಎತ್ತರವೊಂದೇ ಬಂಡವಾಳವಾಗಿದ್ದರೆ ಹೀಗಾಗುತ್ತಿರಲಿಲ್ಲ. ಕೋಚ್ ಗೊಮೆಲ್ಸ್ಕಿ ಸ್ವತಃ ಕುಳ್ಳಗಿನ ಮನುಷ್ಯ. ಅವರಿಬ್ಬರೂ ಅಕ್ಕಪಕ್ಕ ನಿಂತ ಚಿತ್ರದಲ್ಲಿ ಕೋಚ್‌ನ ತಲೆ ಆಟಗಾರನ ಹೆಗಲಿಗೂ ಮುಟ್ಟುವುದಿಲ್ಲ.

ಟ್ರಾಲಿಬಸ್
ಕ್ರೂಮಿನ್ಷ್ ಎಂಬ ಮನೆತನದ ಹೆಸರಿನ ಅರ್ಥ ನಿಮಗೆ ಗೊತ್ತೇ? ಲಾಟ್ವಿಯನ್ ಭಾಷೆಯಲ್ಲಿ "ಕ್ರೂಮ್ಸ್" ಎಂದರೆ ಪೊದೆ, "ಕ್ರೂಮಿನ್ಷ್" ಎಂದರೆ ಪುಟ್ಟ ಪೊದೆ. ಏಳು ಅಡಿ ದಾಟಿದ ಮನುಷ್ಯನಿಗೆ ಪುಟ್ಟ ಪೊದೆ ಎಂಬ ಹೆಸರು! ಬಾಸ್ಕೆಟ್‌ಬಾಲ್‌ಗೆ ಬರುವ ಮೊದಲು ಅವರು ಕಾಡಿನಲ್ಲಿ ಕೆಲಸ ಮಾಡಿಕೊಂಡಿದ್ದವರು, ಚೆಂಡು ಹಿಡಿದದ್ದು ಇಪ್ಪತ್ತು ದಾಟಿದ ಮೇಲೆ. ಪೊದೆಯನ್ನು ಕಾಡಿನಿಂದಲೇ ಕಿತ್ತು ತಂದರು ಎನ್ನಬಹುದು.

ಸಂಪಿಗೆ ರಸ್ತೆ
1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸೋವಿಯತ್ ತಂಡದಲ್ಲಿ ಕ್ರೂಮಿನ್ಷ್ ಇದ್ದರು ಎಂದು ಎಲ್ಲೋ ಓದಿದ ನೆನಪು. ಹಾಗಿದ್ದರೆ ಇಪ್ಪತ್ತು ದಾಟಿ ಚೆಂಡು ಹಿಡಿದರೆಂಬ ಮಾತು ಹೊಂದುವುದಿಲ್ಲವಲ್ಲ?

ಅಂಕಿಸಂಖ್ಯೆ
ನಿಮ್ಮ ನೆನಪಿನಲ್ಲಿರುವುದು ವಾಲ್ಡ್‌ಮಾನಿಸ್. ಅವರು 1952, 1956, 1960ರಲ್ಲಿ ಬೆಳ್ಳಿ ಗೆದ್ದವರು. ಕ್ರೂಮಿನ್ಷ್ ಮತ್ತು ಮುಯಿಜ್ನಿಯೆಕ್ಸ್ ಅವರ ಬೆಳ್ಳಿಗಳು 1956, 1960, 1964ರವು. ಮೂವರಿಗೂ ತಲಾ ಮೂರು ಬೆಳ್ಳಿ, ಒಂದೂ ಚಿನ್ನವಿಲ್ಲ. 1956ರ ಮೆಲ್ಬರ್ನ್ ಫೈನಲ್‌ನಲ್ಲಿ ಎದುರು ನಿಂತಿದ್ದವರು ಅಮೆರಿಕದ ಬಿಲ್ ರಸೆಲ್, ಫಲಿತಾಂಶ 89–55.

ನಾರ್ತ್ ಸ್ಟ್ಯಾಂಡ್
ಎಲ್ಲರೂ ಮೂರು ಕಪ್‌ಗಳ ಭಜನೆ ಮಾಡುತ್ತಿದ್ದೀರಿ. ಅದರ ಇನ್ನೊಂದು ಮುಖವನ್ನು ಯಾರೂ ಹೇಳುತ್ತಿಲ್ಲ. 1958ರ ಸೆಮಿಫೈನಲ್‌ನಲ್ಲಿ ಎಎಸ್‌ಕೆ ಎದುರಾಳಿ ರಿಯಲ್ ಮ್ಯಾಡ್ರಿಡ್ ಆಗಿತ್ತು. ಸರ್ವಾಧಿಕಾರಿ ಫ್ರಾಂಕೋನ ಸ್ಪೇನ್ ತನ್ನ ತಂಡಕ್ಕೆ ಸೋವಿಯತ್ ನೆಲಕ್ಕೆ ಹೋಗಲು ಅನುಮತಿ ಕೊಡಲಿಲ್ಲ, ಪಂದ್ಯವೇ ನಡೆಯಲಿಲ್ಲ, ಎಎಸ್‌ಕೆ ನೇರವಾಗಿ ಫೈನಲ್ ತಲುಪಿತು. ಮುಂದೆ ಅತಿ ಹೆಚ್ಚು ಕಪ್ ಗೆದ್ದ ಕ್ಲಬ್ಬನ್ನು ಎದುರಿಸದೆಯೇ ಸಿಕ್ಕ ಮೊದಲ ಪಟ್ಟ ಅದು. ಇನ್ನು ಇವರನ್ನು ಇಲ್ಲಿ "ವೃತ್ತಿಪರ ಕ್ಲಬ್" ಎಂದು ಕರೆದರೆ ನನಗೆ ನಗು ಬರುತ್ತದೆ. ಕಾಗದದ ಮೇಲೆ ಎಲ್ಲರೂ ಸೈನಿಕರು, ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಹವ್ಯಾಸಿಗಳು, ಆದರೆ ದಿನವಿಡೀ ಮಾಡುತ್ತಿದ್ದ ಕೆಲಸ ಬಾಸ್ಕೆಟ್‌ಬಾಲ್.

ಹಳೇ ರೆಫರಿ
ನಾರ್ತ್ ಸ್ಟ್ಯಾಂಡ್ ಅವರ ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಮ್ಯಾಡ್ರಿಡ್ ಬರದಿದ್ದದ್ದು ನಿಜ, ಆದರೆ ಅದು ಮ್ಯಾಡ್ರಿಡ್ ಸರ್ಕಾರದ ತೀರ್ಮಾನ. ಬರದ ಎದುರಾಳಿಗಾಗಿ ಬಂದು ನಿಂತವರನ್ನು ದೂರುವುದು ನ್ಯಾಯವಲ್ಲ. ಮೇಲಾಗಿ, ಒಂದು ಕಪ್ ಅದೃಷ್ಟದಿಂದ ಸಿಗಬಹುದು, ಸಾಲಾಗಿ ಮೂರು ಸಿಗುವುದಿಲ್ಲ. ಎಎಸ್‌ಕೆ ಬಿಟ್ಟರೆ ಈ ಕಪ್ಪನ್ನು ಸತತ ಮೂರು ವರ್ಷ ಗೆದ್ದ ಇನ್ನೊಂದೇ ಕ್ಲಬ್ 1989ರಿಂದ 1991ರವರೆಗಿನ ಸ್ಪ್ಲಿಟ್ ನಗರದ ಯುಗೊಪ್ಲಾಸ್ಟಿಕಾ. ರಿಯಲ್ ಮ್ಯಾಡ್ರಿಡ್‌ಗೂ ಅದು ದಕ್ಕಿಲ್ಲ.

ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಬೂಟಾಟಿಕೆ ರೀಗಾದವರ ಸೃಷ್ಟಿಯಲ್ಲ. ಫಿಬಾ ತನ್ನ ಹೆಸರಿನಿಂದ "ಹವ್ಯಾಸಿ" ಪದವನ್ನು ತೆಗೆದದ್ದೇ 1980ರ ದಶಕದ ಉತ್ತರಾರ್ಧದಲ್ಲಿ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಅಲ್ಲಿಯವರೆಗೆ ಸೋವಿಯತ್ ವ್ಯವಸ್ಥೆಯಲ್ಲಿ ಆಟಗಾರ ಸೈನಿಕನೋ ಕಾರ್ಖಾನೆಯ ನೌಕರನೋ ವಿದ್ಯಾರ್ಥಿಯೋ ಆಗಿ ಲೆಕ್ಕಕ್ಕೆ ಸೇರುತ್ತಿದ್ದ.

ಬೆಂಚ್ ಪ್ಲೇಯರ್
1960ರ ನಂತರ ಏನಾಯಿತು? ಮೂರು ಕಪ್ ಗೆದ್ದ ತಂಡ ಇದ್ದಕ್ಕಿದ್ದಂತೆ ಹೇಗೆ ನಿಂತುಹೋಯಿತು?

ಅಂಕಿಸಂಖ್ಯೆ
ಇದ್ದಕ್ಕಿದ್ದಂತೆ ನಿಲ್ಲಲಿಲ್ಲ. 1961ರಲ್ಲೂ ಫೈನಲ್ ತಲುಪಿದರು. ಎದುರಾಳಿ ಮಾಸ್ಕೋದ ಸಿಎಸ್‌ಕೆಎ. ಎರಡು ಪಂದ್ಯಗಳಲ್ಲಿ ಒಂದನ್ನು ಎಎಸ್‌ಕೆ 66–61ರಿಂದ ಗೆದ್ದಿತು, ಇನ್ನೊಂದನ್ನು 62–87ರಿಂದ ಸೋತಿತು. ಐದು ಅಂಕಗಳ ಮುನ್ನಡೆ ಇಪ್ಪತ್ತೈದರ ಹಿನ್ನಡೆಯನ್ನು ತುಂಬಲಿಲ್ಲ. ನಾಲ್ಕನೆಯ ಕಪ್ ಮಾಸ್ಕೋ ಪಾಲಾಯಿತು.

ಸಂಪಿಗೆ ರಸ್ತೆ
ಅಂದರೆ ಪ್ರಾಂತ್ಯದ ಸೈನ್ಯದ ಕ್ಲಬ್ಬನ್ನು ರಾಜಧಾನಿಯ ಸೈನ್ಯದ ಕ್ಲಬ್ ಸೋಲಿಸಿತು. ಇದರಲ್ಲೇ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಕಡ್ಡಾಯ ಸೈನ್ಯಸೇವೆಯಿದ್ದ ದೇಶದಲ್ಲಿ ಯಾವ ಊರಿನ ಒಳ್ಳೆಯ ಆಟಗಾರನನ್ನಾದರೂ ಸಮವಸ್ತ್ರ ತೊಡಿಸಿ ಸಿಎಸ್‌ಕೆಎಗೆ ಕರೆಸಿಕೊಳ್ಳುವ ದಾರಿ ಇತ್ತು. ಅದೇ ಇಲಾಖೆಗೆ ಸೇರಿದ ರೀಗಾದ ಕ್ಲಬ್ ಮಾಸ್ಕೋದೊಂದಿಗೆ ಎಷ್ಟು ದಿನ ಗುದ್ದಾಡಬಲ್ಲದು? ಗೊಮೆಲ್ಸ್ಕಿ ಅವರೂ 1953ರಿಂದ 1966ರವರೆಗೆ ರೀಗಾದಲ್ಲಿದ್ದು, ಆಮೇಲೆ ಅದೇ ಸಿಎಸ್‌ಕೆಎ ಸೇರಿದರು. ಯುರೋಲೀಗ್‌ನ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿಗೆ ಈಗ ಅವರದ್ದೇ ಹೆಸರು. ಆ ಹೆಸರಿಗೆ ಅಡಿಪಾಯ ಬಿದ್ದದ್ದು ರೀಗಾದಲ್ಲಿ, ಆದರೆ ನೆನಪಿಸಿಕೊಳ್ಳುವವರು ಹೆಚ್ಚಿನಂಶ ಮಾಸ್ಕೋವನ್ನೇ ನೆನಪಿಸಿಕೊಳ್ಳುತ್ತಾರೆ.

ಚುರುಮುರಿ
ತಾವೇ ಹೇಳಿದಿರಿ, ಒಂದೇ ಇಲಾಖೆ ಎಂದು. ಹಾಗಾದರೆ ಮೂರು ಕಪ್ ಒಂದು ಶಾಖೆಯದ್ದು, ನಾಲ್ಕನೆಯದು ಇನ್ನೊಂದು ಶಾಖೆಯದ್ದು. ಲೆಕ್ಕ ಒಂದೇ ಪುಸ್ತಕದ್ದು.

ಟ್ರಾಲಿಬಸ್
ಶಾಖೆಗಳಿಗೆ ಊರು, ಭಾಷೆ, ಪ್ರೇಕ್ಷಕರು ಇರುವುದಿಲ್ಲ. ಕ್ಲಬ್ಬಿಗೆ ಇರುತ್ತವೆ.

ಫ್ರೀ ಥ್ರೋ
ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಕ್ಷಮಿಸಿ. ಗೊಮೆಲ್ಸ್ಕಿ ಎಂಬ ಹೆಸರಿಗೂ ನಮಗೂ ಒಂದು ನಂಟಿದೆ. ಭಾರತದ ಪುರುಷರ ಬಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. ಅಲ್ಲಿ ನಮ್ಮವರನ್ನು 121–65ರಿಂದ ಸೋಲಿಸಿದ ಸೋವಿಯತ್ ತಂಡದ ಕೋಚ್ ಇದೇ ಗೊಮೆಲ್ಸ್ಕಿ.

ಅಂಕಿಸಂಖ್ಯೆ
ಸರಿಯಾಗಿದೆ. ಆ ಸಲ ಅವರಿಗೆ ಸಿಕ್ಕದ್ದು ಕಂಚು. ಚಿನ್ನ ಬಂದದ್ದು 1988ರಲ್ಲಿ, ಸೋಲ್‌ನಲ್ಲಿ. ಆ ತಂಡದಲ್ಲೂ ಲಾಟ್ವಿಯಾದ ಒಬ್ಬರಿದ್ದರು, ಇಗೋರ್ಸ್ ಮಿಗ್ಲಿನಿಯೆಕ್ಸ್. ಅವರು ಎಎಸ್‌ಕೆ ಅಲ್ಲ, ವೆಫ್ ರೀಗಾದಲ್ಲಿ ಆಡಿ ಬಂದವರು.

ಬೆಂಚ್ ಪ್ಲೇಯರ್
ವೆಫ್ ಎಂದರೆ ಈಗ ಲಾಟ್ವಿಯಾದ ದೊಡ್ಡ ಕ್ಲಬ್ ಅದೇ ಅಲ್ಲವೇ? ಅದು ಎಎಸ್‌ಕೆಯ ಮುಂದುವರಿಕೆ ಎಂದುಕೊಂಡಿದ್ದೆ.

ಸಂಪಿಗೆ ರಸ್ತೆ
ಅಲ್ಲವೇ ಅಲ್ಲ, ಇವೆರಡನ್ನು ಬೆರೆಸಬೇಡಿ. ವೆಫ್ ಒಂದು ಕಾರ್ಖಾನೆಯ ಹೆಸರು, ರಾಜ್ಯ ವಿದ್ಯುತ್ ತಂತ್ರಜ್ಞಾನ ಕಾರ್ಖಾನೆ ಎಂಬುದರ ಮೊದಲಕ್ಷರಗಳು. ಬೆರಳಿನಷ್ಟು ಪುಟ್ಟ ಮಿನಾಕ್ಸ್ ಕ್ಯಾಮೆರಾ 1930ರ ದಶಕದ ಕೊನೆಯಲ್ಲಿ ಅಲ್ಲೇ ತಯಾರಾಗುತ್ತಿತ್ತು. ಸೋವಿಯತ್ ಕಾಲದಲ್ಲಿ ಟೆಲಿಫೋನ್‌ಗಳು, ಸ್ಪೀಡೊಲಾ ಟ್ರಾನ್ಸಿಸ್ಟರ್ ರೇಡಿಯೊಗಳು ಅಲ್ಲಿಂದ ಹೊರಬಂದವು. ಬೆಂಗಳೂರಿನ ಐಟಿಐ ಟೆಲಿಫೋನ್ ಮಾಡುತ್ತಲೇ ಫುಟ್‌ಬಾಲ್ ತಂಡವನ್ನೂ ಸಾಕಿದ್ದನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಎಎಸ್‌ಕೆಯ ಬೆಳಕು ಕುಂದಿದ ಮೇಲೆ ರೀಗಾದ ಪುರುಷರ ಬಾಸ್ಕೆಟ್‌ಬಾಲ್‌ನ ಮುಖವಾದದ್ದು ಈ ಕಾರ್ಖಾನೆಯ ತಂಡ. 1981ರ ಯುರೋಬಾಸ್ಕೆಟ್‌ನ ಅತ್ಯುತ್ತಮ ಆಟಗಾರ ವಾಲ್ದಿಸ್ ವಾಲ್ಟರ್ಸ್ ವೆಫ್‌ನವರು. 1992ರಲ್ಲಿ ಮಿನೆಸೋಟ ತಂಡ ಸೇರಿ, ಎನ್‌ಬಿಎಯಲ್ಲಿ ಆಡಿದ ಮೊದಲ ಲಾಟ್ವಿಯನ್ ಎನಿಸಿದ ಗುಂಡಾರ್ಸ್ ವೆಟ್ರಾ ಕೂಡ ಅಲ್ಲಿಯವರೇ.

ಟ್ರಾಲಿಬಸ್
ಪುರುಷರ ಬಾಸ್ಕೆಟ್‌ಬಾಲ್‌ನ ಮುಖ ಎಂದು ಬರೆದು ಬಚಾವಾದಿರಿ, ಇಲ್ಲದಿದ್ದರೆ ನಾನು ಬಿಡುತ್ತಿರಲಿಲ್ಲ. ನನ್ನ ಈ ಅಡ್ಡಹೆಸರು ಎಲ್ಲಿಂದ ಬಂತೆಂದು ಇಷ್ಟು ಹೊತ್ತಿಗೆ ಯಾರಾದರೂ ಕೇಳಬೇಕಿತ್ತು. ರೀಗಾದ ಟ್ರಾಮ್ ಮತ್ತು ಟ್ರಾಲಿಬಸ್ ಸಂಸ್ಥೆಯ ಮೊದಲಕ್ಷರಗಳು ಸೇರಿ ಟಿಟಿಟಿ ಎಂಬ ಮಹಿಳಾ ಕ್ಲಬ್ 1958ರಲ್ಲಿ ಹುಟ್ಟಿತು. ಎಎಸ್‌ಕೆ ಮೂರು ಕಪ್ ಗೆದ್ದದ್ದಕ್ಕೆ ಇಷ್ಟುದ್ದದ ಚರ್ಚೆ ನಡೆಸಿದ್ದೀರಿ. ಟಿಟಿಟಿ ಗೆದ್ದದ್ದು ಹದಿನೆಂಟು. 1960ರಿಂದ 1962ರವರೆಗೆ ಮೂರು, 1964ರಿಂದ 1975ರವರೆಗೆ ಒಂದೂ ವರ್ಷ ಬಿಡದೆ ಹನ್ನೆರಡು, ಆಮೇಲೆ 1977, 1981, 1982. 1960ರಲ್ಲಿ ಪುರುಷರ ಕಪ್, ಮಹಿಳೆಯರ ಕಪ್ ಎರಡೂ ಒಂದೇ ಊರಿನಲ್ಲಿದ್ದವು.

ಉಲ್ಯಾನಾ ಸೆಮ್ಯೋನೊವಾ ಈ ಕ್ಲಬ್ಬಿನವರು, 2.1 ಮೀಟರಿನ ಆಸುಪಾಸಿನ ಎತ್ತರದ ಹಳ್ಳಿಯ ಹುಡುಗಿ. 1976 ಮತ್ತು 1980ರ ಒಲಿಂಪಿಕ್ ಚಿನ್ನ ಅವರದ್ದು. 1993ರಲ್ಲಿ ಅಮೆರಿಕದ ನೇಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿದಾಗ, ಅಮೆರಿಕದವರಲ್ಲದ ಮಹಿಳೆಯೊಬ್ಬರಿಗೆ ಆ ಗೌರವ ಸಿಕ್ಕದ್ದು ಅದೇ ಮೊದಲು.

ಒಂದು ಚಳಿಗಾಲದ ಸಂಜೆ ನಾನು ಟ್ರಾಲಿಬಸ್ಸಿನಲ್ಲಿ ಚೆಂಡಿನ ಚೀಲ ಹಿಡಿದು ನಿಂತಿದ್ದೆ. ಕಿಟಕಿಯ ಗಾಜಿನ ಮೇಲೆಲ್ಲ ಹಬೆ. ಎದುರು ಕೂತಿದ್ದ ಅಜ್ಜಿಯೊಬ್ಬರು ಚೀಲವನ್ನೂ ನನ್ನನ್ನೂ ನೋಡಿ, ಕೈಗವಸು ತೆಗೆದು ಆ ಹಬೆಯ ಮೇಲೆ ಬೆರಳಿನಿಂದ ಮೂರು ಟಿ ಬರೆದರು. ನನಗೆ ಅರ್ಥವಾಗಲಿಲ್ಲ. ಅವರು ಕೈಯನ್ನು ತಲೆಯ ಮೇಲೆ ಆದಷ್ಟು ಎತ್ತರಕ್ಕೆ ಚಾಚಿ "ಉಲ್ಯಾನಾ" ಎಂದರು. ಮೂರು ಟಿಗಳು ನೀರಾಗಿ ಕೆಳಗೆ ಇಳಿಯುವಷ್ಟರಲ್ಲಿ ನನ್ನ ನಿಲ್ದಾಣ ಬಂತು. ಆ ಅಜ್ಜಿ ಗಾಜಿನ ಮೇಲೆ ಸೋವಿಯತ್ ಒಕ್ಕೂಟ ಎಂದು ಬರೆಯಲಿಲ್ಲ, ಚುರುಮುರಿ ಅವರೇ.

ಚುರುಮುರಿ
ಅಜ್ಜಿಯೊಂದಿಗೆ ವಾದಕ್ಕಿಳಿಯುವ ಧೈರ್ಯ ನನಗಿಲ್ಲ. ಆದರೆ ಸೆಮ್ಯೋನೊವಾ ಅವರ ಎರಡೂ ಚಿನ್ನ ಸೋವಿಯತ್ ಜೆರ್ಸಿಯಲ್ಲೇ ಬಂದವು ಎಂಬುದು ದಾಖಲೆಯಲ್ಲಿರಲಿ.

ನಾರ್ತ್ ಸ್ಟ್ಯಾಂಡ್
ಇಷ್ಟೆಲ್ಲ ಆದಮೇಲೂ ಮೂಲ ಪ್ರಶ್ನೆಯ ಅರ್ಧಭಾಗ ಹಾಗೇ ಉಳಿದಿದೆ. ಎಎಸ್‌ಕೆ ಈಗ ಎಲ್ಲಿದೆ? 2007ರಲ್ಲಿ ಎಎಸ್‌ಕೆ ರೀಗಾ ಎಂಬ ಹೆಸರಿನ ತಂಡ ಲಾಟ್ವಿಯಾದ ಲೀಗ್ ಗೆದ್ದಿತ್ತು. ಅದು ಅದೇ ಕ್ಲಬ್ಬೇ?

ಸಂಪಿಗೆ ರಸ್ತೆ
ಹೆಸರು ಅದೇ, ಮನೆ ಬೇರೆ. 1991ರಲ್ಲಿ ಸ್ವಾತಂತ್ರ್ಯ ಮರಳಿದ ಮೇಲೆ ಸೋವಿಯತ್ ಸೈನ್ಯವೇ ಇಲ್ಲವಾಯಿತು. ಸೈನ್ಯವಿಲ್ಲದ ಊರಿನಲ್ಲಿ ಸೈನ್ಯದ ಕ್ಲಬ್ಬಿಗೆ ಅನ್ನ ಹಾಕುವವರು ಯಾರು? ಕಾರ್ಖಾನೆಗಳ ಸ್ಥಿತಿಯೂ ಅಷ್ಟೇ. 1990ರ ದಶಕದ ಬಹುಪಾಲು ಪಟ್ಟಗಳು ಬ್ರೊಸೇನಿ ತಂಡಕ್ಕೆ ಹೋದವು, 2000ದಿಂದ 2006ರವರೆಗೆ ಸಾಲಾಗಿ ಏಳು ಪಟ್ಟ ಬಂದರು ಪಟ್ಟಣ ವೆಂಟ್‌ಸ್ಪಿಲ್ಸ್‌ಗೆ. ಅದನ್ನು ಮುರಿದದ್ದು ನೀವು ಹೇಳುವ ಎಎಸ್‌ಕೆ. ಹಳೆಯ ಹೆಸರಿನ ಘನತೆಯನ್ನು ಪ್ರಾಯೋಜಕರ ಹಣದ ಮೇಲೆ ನಿಲ್ಲಿಸುವ ಪ್ರಯತ್ನ ಅದು, ಹೆಚ್ಚು ಕಾಲ ನಿಲ್ಲಲಿಲ್ಲ. 2008ರಲ್ಲಿ ಬಾರೊನ್ಸ್ ಎಂಬ ಇನ್ನೊಂದು ರೀಗಾ ಕ್ಲಬ್ ಫಿಬಾ ಯುರೋಕಪ್ ಫೈನಲ್‌ನಲ್ಲಿ ಬೆಲ್ಜಿಯಂನ ಮೋನ್ಸ್ ತಂಡವನ್ನು 63–62ರಿಂದ ಸೋಲಿಸಿತು. ಈಗ ಆ ತಂಡವನ್ನೂ ಕೇಳುವವರಿಲ್ಲ. ವೆಫ್ ಹೆಸರಿನಲ್ಲೂ 2007ರಲ್ಲಿ ಹೊಸ ಕ್ಲಬ್ ಕಟ್ಟಿದರು. ಅದು ಮಾತ್ರ ನಿಂತಿತು, 2011ರಿಂದ ಲಾಟ್ವಿಯಾದ ಪಟ್ಟಗಳನ್ನು ಪೇರಿಸುತ್ತಾ ಬಂದಿದೆ.

ನನ್ನ ಅಭಿಪ್ರಾಯದಲ್ಲಿ 1958ರ ಎಎಸ್‌ಕೆಗೆ ಕಾನೂನಿನ ಪ್ರಕಾರ ವಾರಸುದಾರರಿಲ್ಲ. ಸೋವಿಯತ್ ಒಕ್ಕೂಟವೂ ಇಲ್ಲ, ಆ ಸೈನ್ಯವೂ ಇಲ್ಲ, ಕ್ಲಬ್ಬೂ ಇಲ್ಲ. ಉಳಿದಿರುವುದು ಊರೊಂದೇ. ಊರು ಬೇಡವೆನ್ನದಿದ್ದರೆ ಕಪ್‌ಗಳು ಊರಿನವೇ.

ಹಳೇ ರೆಫರಿ
ಪ್ರಶ್ನೆ ಕೇಳಿದವರ ತಪ್ಪೂ ಇಲ್ಲಿದೆ. ಕ್ವಿಜ್‌ನಲ್ಲಿ "ಯಾವ ದೇಶದ ಕ್ಲಬ್" ಎಂದು ಕೇಳಬಾರದಿತ್ತು, "ಯಾವ ಊರಿನ ಕ್ಲಬ್" ಎಂದು ಕೇಳಬೇಕಿತ್ತು. ರೆಫರಿಯೇ ಗೆರೆಯನ್ನು ವಕ್ರವಾಗಿ ಎಳೆದು, ಆಮೇಲೆ ಚೆಂಡು ಹೊರಗೆ ಬಿತ್ತೆಂದು ಸೀಟಿ ಊದಿದಂತಾಗಿದೆ.

ಬೆಂಚ್ ಪ್ಲೇಯರ್
ತಪ್ಪೊಪ್ಪಿಕೊಂಡೆ. ಆ ತಂಡಕ್ಕೂ ಅಂಕ ಕೊಡುತ್ತೇನೆ. ಆದರೆ ಹೊಸ ಸಮಸ್ಯೆ ಎದ್ದಿದೆ: ಆ ಒಂದು ಅಂಕ ಸೇರಿದರೆ ಮೊದಲ ಸ್ಥಾನಕ್ಕೆ ಎರಡು ತಂಡಗಳು ಸಮನಾಗುತ್ತವೆ, ಬಹುಮಾನದ ಧಾರವಾಡ ಪೇಡೆಯ ಡಬ್ಬಿ ಒಂದೇ ಇದೆ, ಅದರಲ್ಲೂ ನಾಲ್ಕು ಪೇಡೆ ಈಗಾಗಲೇ ಖಾಲಿಯಾಗಿವೆ.

ಫ್ರೀ ಥ್ರೋ
ಟೈ ಬ್ರೇಕರ್ ಕೇಳಿ. "ಪುಟ್ಟ ಪೊದೆ ಎಂಬ ಅರ್ಥದ ಹೆಸರಿನ, 2.18 ಮೀಟರ್ ಎತ್ತರದ ಸೆಂಟರ್ ಯಾರು?"

ಚುರುಮುರಿ
ಆಗಲಿ. ಆದರೆ ಸೋವಿಯತ್ ಒಕ್ಕೂಟ ಎಂದು ಉತ್ತರಿಸಿದ ತಂಡದಲ್ಲಿ ನಾನೂ ಇದ್ದೆ ಎಂಬುದನ್ನು ಈಗ ಹೇಳಿಬಿಡುವುದು ಒಳ್ಳೆಯದು.

ಬೆಂಚ್ ಪ್ಲೇಯರ್
ಹಾಗಾದರೆ ಈ ಚರ್ಚೆ ಓದಿದವರು ಟೈ ಬ್ರೇಕರ್‌ಗೆ ಉತ್ತರಿಸುವಂತಿಲ್ಲ. ಭಾನುವಾರ ಅಂಗಣಕ್ಕೆ ಬನ್ನಿ, ಫ್ರೀ ಥ್ರೋ ಎಸೆದು ತೀರ್ಮಾನಿಸೋಣ.